ಮಕ್ಕಳನ್ನು ಕಿರಿಯರ ರಾಷ್ಟ್ರೀಯ ಫುಟ್‌ಬಾಲ್ ತಂಡದ ದಾರಿಗೆ ಹಚ್ಚುವುದು ಹೇಗೆ: ಬೆಂಗಳೂರಿನ ಪೋಷಕರಿಗೊಂದು ಸಮಗ್ರ ಮಾರ್ಗದರ್ಶಿ

2017ರ ಅಕ್ಟೋಬರ್ 9ರಂದು ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಕೊಲಂಬಿಯಾ ವಿರುದ್ಧ ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದ ಚೆಂಡು ಬಲೆ ಸೇರಿತು. ಫಿಫಾ ವಿಶ್ವಕಪ್ ಟೂರ್ನಿಯೊಂದರಲ್ಲಿ ಭಾರತ ಗಳಿಸಿದ ಮೊದಲ ಗೋಲು ಅದು. ಆ ಗೋಲಿಗೆ ಕಾರಣವಾದ ಕಾರ್ನರ್ ಕಿಕ್ ತೆಗೆದವರು ನಮ್ಮ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್. ಭಾರತ ಆ ಪಂದ್ಯವನ್ನು 1–2ರಿಂದ ಸೋತರೂ, ಅಂದಿನಿಂದ ನಮ್ಮ ಬಡಾವಣೆಯ ಮೈದಾನಕ್ಕೆ ಮಕ್ಕಳನ್ನು ಕರೆತರುವ ತಂದೆ ತಾಯಂದಿರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಸರ್, ನಮ್ಮ ಹುಡುಗ ಇಂಡಿಯಾ ಟೀಮಿಗೆ ಆಡ್ತಾನಾ?"

ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಇದಕ್ಕೆ ಯಾರೂ ಉತ್ತರ ಹೇಳಲಾರರು. ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ಜಿಲ್ಲಾ ಲೀಗ್‌ನ ಕೆಳಗಿನ ಡಿವಿಷನ್‌ಗಳಲ್ಲಿ ಆಡಿ, ಆಮೇಲೆ ಹಲವು ವರ್ಷಗಳಿಂದ ಬೆಳಗಿನ ಹೊತ್ತು ಮಕ್ಕಳಿಗೆ ಆಟ ಹೇಳಿಕೊಡುತ್ತಿರುವ ನನಗೆ ಖಚಿತವಾಗಿ ತಿಳಿದಿರುವುದು ಒಂದೇ. ಹದಿಮೂರರಲ್ಲಿ ಎಲ್ಲರಿಗಿಂತ ಮುಂದಿದ್ದವರಲ್ಲಿ ಬಹಳ ಮಂದಿ ಹದಿನೇಳರ ಹೊತ್ತಿಗೆ ಆಟವನ್ನೇ ಬಿಟ್ಟಿರುತ್ತಾರೆ, ಹಿಂದೆ ಉಳಿದವರೆಂದು ಕಂಡ ಕೆಲವರು ಅವರನ್ನು ದಾಟಿ ಹೋಗಿರುತ್ತಾರೆ. ಆದ್ದರಿಂದ ಪೋಷಕರ ಕೆಲಸ ಭವಿಷ್ಯ ನುಡಿಯುವುದಲ್ಲ. ಹದಿನೇಳರವರೆಗೆ ಮಗುವಿನ ಮುಂದೆ ಬಾಗಿಲು ಮುಚ್ಚದಂತೆ ನೋಡಿಕೊಳ್ಳುವುದು. ಅದಕ್ಕೆ ಬೇಕಾದ ಕೆಲಸಗಳನ್ನು ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ವಿವರಿಸಿದ್ದೇನೆ.

ಹಂತ 1: ವಯಸ್ಸಿನ ದಾಖಲೆಗಳನ್ನು ಸರಿಮಾಡಿಕೊಳ್ಳಿ

ವಯೋಮಿತಿಯ ಫುಟ್‌ಬಾಲ್‌ನಲ್ಲಿ ಲೆಕ್ಕ ಶುರುವಾಗುವುದು ಜನವರಿ 1ರಿಂದ. 2017ರ ವಿಶ್ವಕಪ್‌ನಲ್ಲಿ 2000ದ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರಿಗಷ್ಟೇ ಅವಕಾಶವಿತ್ತು. ಒಂದು ದಿನದ ವ್ಯತ್ಯಾಸದಿಂದ ಒಂದು ಇಡೀ ವಯೋವರ್ಗ ಕೈತಪ್ಪುವುದರಿಂದ ಜನನ ಪ್ರಮಾಣಪತ್ರವೇ ಮಗುವಿನ ಮೊದಲ ಆಟದ ಸಾಮಾನು ಎಂದು ತಿಳಿಯಿರಿ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬುದು ಕಾನೂನು. ಒಂದು ವರ್ಷ ದಾಟಿದರೆ ಅಧಿಕಾರಿಯ ಆದೇಶ ಬೇಕಾಗುತ್ತದೆ, ಹಾಗೆ ತಡವಾಗಿ ಪಡೆದ ಪ್ರಮಾಣಪತ್ರ ಆಯ್ಕೆಯ ಮೇಜಿನ ಮುಂದೆ ಹತ್ತು ಪ್ರಶ್ನೆಗಳನ್ನು ಎಬ್ಬಿಸುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕೆಂದರೆ ಇನಿಷಿಯಲ್. ಶಾಲೆಯ ದಾಖಲೆಯಲ್ಲಿ ಎರಡಕ್ಷರದ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರೂ ಸೇರಿಕೊಂಡು ಒಬ್ಬನೇ ಹುಡುಗ ಮೂವರಾಗಿ ಕಾಣಿಸುತ್ತಾನೆ. ಮಗುವಿಗೆ ಹತ್ತು ವರ್ಷ ತುಂಬುವಷ್ಟರಲ್ಲಿ ಎಲ್ಲ ದಾಖಲೆಗಳಲ್ಲೂ ಒಂದೇ ಹೆಸರು, ಒಂದೇ ಕಾಗುಣಿತ, ಒಂದೇ ಜನ್ಮದಿನಾಂಕ ಇರುವಂತೆ ಮಾಡಿಸಿ. ಪಾಸ್‌ಪೋರ್ಟ್ ಅನ್ನೂ ಮುಂಚೆಯೇ ಮಾಡಿಸಿಡಿ, ಏಕೆಂದರೆ ಭಾರತದ ಪಾಸ್‌ಪೋರ್ಟ್ ಇಲ್ಲದವರು ಭಾರತದ ಪರ ಆಡುವಂತಿಲ್ಲ. ವಿದೇಶದಲ್ಲಿ ಹುಟ್ಟಿ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಹೊಂದಿರುವ ಮಕ್ಕಳಿಗೂ ಈ ನಿಯಮದಿಂದ ವಿನಾಯಿತಿ ಇಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಭಾರತ ತಂಡದ ಶಿಬಿರಕ್ಕೆ ಬರುವ ಮುನ್ನ ತಮ್ಮ ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟುಕೊಡಬೇಕಾಯಿತು.

ಕಾಗದದ ಮಾತು ಕಾಗದದಲ್ಲೇ ಮುಗಿಯುವುದಿಲ್ಲ. ಕಿರಿಯರ ಟೂರ್ನಿಗಳಲ್ಲಿ ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆದು, ಕೈ ಮತ್ತು ಮುಂಗೈಯ 13 ಮೂಳೆಗಳ ಬೆಳವಣಿಗೆಯನ್ನು ಹೋಲಿಸಿ ಮೂಳೆಯ ವಯಸ್ಸನ್ನು ಅಂದಾಜಿಸುವ ಟಿಡಬ್ಲ್ಯು3 ವಿಧಾನವನ್ನು ಬಳಸುತ್ತಾರೆ. ಫಿಫಾ ತನ್ನ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ 2009ರಿಂದ ಎಂಆರ್‌ಐ ಪರೀಕ್ಷೆ ನಡೆಸುತ್ತಿದೆ. ಕೆಲವು ವರ್ಷಗಳ ಹಿಂದೆ ಇಂಥದೊಂದು ಪರೀಕ್ಷೆಗೆ ಒಬ್ಬ ಹುಡುಗನ ಜೊತೆ ನಾನೇ ಹೋಗಿದ್ದೆ. ನಮ್ಮಲ್ಲಿಗೆ ಬರುವ ಮುನ್ನ ಅವನು ಆಡುತ್ತಿದ್ದ ತಂಡದವರು ಅವನ ವಯಸ್ಸನ್ನು ಎರಡು ವರ್ಷ ಇಳಿಸಿ ಬರೆಸಿದ್ದರು. ಆ ವಿಷಯ ನಮಗಾರಿಗೂ ತಿಳಿದಿರಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಕಾಣಬೇಕಾದ ಸಣ್ಣ ಕಪ್ಪು ಗೆರೆ ಅವನ ಮುಂಗೈಯಲ್ಲಿ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಡಾಕ್ಟರು ಏನೂ ಹೇಳುವ ಮೊದಲೇ ಹುಡುಗ ತಲೆ ತಗ್ಗಿಸಿದ. ತಪ್ಪು ಮಾಡಿದವರು ದೊಡ್ಡವರು; ಮನೆಗೆ ಮರಳಿದ್ದು ಅವನು. ಆ ದಿನ ನನಗೆ ಇನ್ನೂ ನೆನಪಿದೆ, ಆದ್ದರಿಂದಲೇ ಹೇಳುತ್ತೇನೆ, "ಎಲ್ಲರೂ ಮಾಡುತ್ತಾರೆ" ಎಂದು ಯಾರೇ ಹೇಳಿದರೂ ಒಂದು ದಿನವನ್ನೂ ಇಳಿಸಬೇಡಿ. ಪ್ರಾಮಾಣಿಕ ದಾಖಲೆಯಿದ್ದೂ ಬೇಗ ಬಲಿತ ಮಗು ಈ ಪರೀಕ್ಷೆಯಲ್ಲಿ ಹೊರಗುಳಿಯುವುದುಂಟು. ಅದು ಕಳಂಕವಲ್ಲ ಎಂದು ಮಗುವಿಗೆ ತಿಳಿಹೇಳಿ, ಮೇಲಿನ ವಯೋವರ್ಗದಲ್ಲಿ ಆಡಿಸಿ.

ಹಂತ 2: ಹನ್ನೆರಡರವರೆಗೆ ಚೆಂಡಿನ ಸಹವಾಸ

ಈ ವಯಸ್ಸಿನಲ್ಲಿ ಓಟದ ಸುತ್ತುಗಳು ಬೇಡ, ಚೆಂಡು ಬೇಕು. ಎಂಟರವರೆಗೆ 3ನೇ ಅಳತೆಯ ಚೆಂಡು, ಹನ್ನೆರಡರವರೆಗೆ 4ನೇ ಅಳತೆಯದು, ಅನಂತರವೇ ದೊಡ್ಡವರು ಆಡುವ 5ನೇ ಅಳತೆಯದು. ಸಣ್ಣ ಮೈದಾನದಲ್ಲಿ ಐದೈದು, ಏಳೇಳು ಮಂದಿಯ ಪಂದ್ಯ ಆಡಿಸಿದರೆ ಪ್ರತಿ ಮಗುವಿಗೂ ಚೆಂಡು ಹೆಚ್ಚು ಸಲ ಸಿಗುತ್ತದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಹನ್ನೆರಡರೊಳಗಿನ ಮಕ್ಕಳಿಗಾಗಿ ನಡೆಸುವ ಬ್ಲೂ ಕಬ್ಸ್ ಲೀಗ್‌ಗಳ ಹಿಂದಿರುವ ವಿಚಾರವೂ ಇದೇ. ಹಲಸೂರಿನ ಬಳಿಯ ಗೌತಮಪುರದಲ್ಲಿ ಅಂಬೇಡ್ಕರ್ ಪ್ರತಿಮೆಯ ಜೊತೆಯಲ್ಲಿಯೇ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡಿರುವ ಜನರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಕ್ಕಟ್ಟಿನ ಗಲ್ಲಿಯಲ್ಲಿ ನಾಲ್ಕು ಜನರ ನಡುವೆ ಚೆಂಡು ಉಳಿಸಿಕೊಳ್ಳುವುದನ್ನು ಕಲಿತ ಮಗುವಿಗೆ ದೊಡ್ಡ ಮೈದಾನದಲ್ಲಿ ಉಸಿರಾಡಲು ಜಾಗ ಸಿಕ್ಕಂತಾಗುತ್ತದೆ.

ಮನೆಯಲ್ಲಿ ಮಾಡಿಸಬಹುದಾದ ಒಂದು ಅಭ್ಯಾಸವಿದೆ. ಮಗುವನ್ನು ಕಾಂಪೌಂಡ್ ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿ, ನೀವು ಅದರ ಬೆನ್ನ ಹಿಂದೆ ಐದು ಹೆಜ್ಜೆ ದೂರ ನಿಲ್ಲಿ. ಮಗು ಚೆಂಡನ್ನು ಗೋಡೆಗೆ ಹೊಡೆದು, ಅದು ಮರಳಿ ಬರುವಷ್ಟರಲ್ಲಿ ಹೆಗಲ ಮೇಲಿಂದ ಹಿಂತಿರುಗಿ ನೋಡಿ ನೀವು ಎಷ್ಟು ಬೆರಳು ಎತ್ತಿದ್ದೀರೆಂದು ಹೇಳಬೇಕು, ಆಮೇಲೆ ಚೆಂಡನ್ನು ಹಿಡಿತಕ್ಕೆ ತೆಗೆದುಕೊಳ್ಳಬೇಕು. ಮೊದಲ ವಾರ ಚೆಂಡು ತಪ್ಪಿ ಚರಂಡಿಗೆ ಬೀಳುತ್ತದೆ, ಅಥವಾ ಬೆರಳಿನ ಲೆಕ್ಕ ತಪ್ಪುತ್ತದೆ. ತಿಂಗಳು ಕಳೆದ ಮೇಲೆ ಎರಡೂ ಕೂಡಿಬರುತ್ತವೆ. ಆಯ್ಕೆಗಾರರು ಪಂದ್ಯ ನೋಡುವಾಗ ಹುಡುಕುವ ಗುಣಗಳಲ್ಲಿ ಇದು ಮುಖ್ಯವಾದುದು: ಚೆಂಡು ಬರುವ ಮುನ್ನವೇ ಸುತ್ತಲಿನ ಚಿತ್ರ ಆಟಗಾರನ ತಲೆಯಲ್ಲಿ ಇರಬೇಕು. ಇದೇ ಅಭ್ಯಾಸವನ್ನು ಎಡಗಾಲಿನಲ್ಲಿಯೂ ಮಾಡಿಸಿ.

ಹಂತ 3: ತರಬೇತಿ ಕೇಂದ್ರವನ್ನು ಆರಿಸುವುದು

ಬೆಂಗಳೂರಿನಲ್ಲಿ ಆಯ್ಕೆಗೆ ಕೊರತೆಯಿಲ್ಲ. ಬೆಂಗಳೂರು ಎಫ್‌ಸಿ, ಸೌತ್ ಯುನೈಟೆಡ್, ಕಿಕ್‌ಸ್ಟಾರ್ಟ್ ಮುಂತಾದ ಕ್ಲಬ್‌ಗಳಿವೆ, ಆಸ್ಟಿನ್ ಟೌನ್‌ನಂಥ ಬಡಾವಣೆಗಳಲ್ಲಿ ಹಳೆಯ ಆಟಗಾರರು ನಡೆಸುವ ಸಣ್ಣ ಕೇಂದ್ರಗಳಿವೆ, ಗಂಟೆ ಲೆಕ್ಕದ ಟರ್ಫ್‌ಗಳಂತೂ ಬೀದಿಗೊಂದರಂತೆ ಇವೆ. ಭಾರತ ತಂಡದ ನಾಯಕರಾಗಿದ್ದ ಕಾರ್ಲ್‌ಟನ್ ಚಾಪ್‌ಮನ್ ಬೆಳೆದದ್ದು ಇದೇ ಆಸ್ಟಿನ್ ಟೌನ್‌ನಲ್ಲಿ ಎಂಬುದನ್ನು ನೆನೆದರೆ, ಜೆರ್ಸಿಯ ಹೊಳಪನ್ನು ನೋಡಿ ಕೇಂದ್ರವನ್ನು ಆರಿಸುವ ಅಗತ್ಯವಿಲ್ಲವೆಂದು ತಿಳಿಯುತ್ತದೆ.

ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ನನ್ನ ಮಗುವಿನ ತಂಡಕ್ಕೆ ದಿನವೂ ತರಬೇತಿ ಕೊಡುವವರು ಯಾರು, ಅವರ ಬಳಿ ಫೆಡರೇಷನ್‌ನ ಡಿ ಅಥವಾ ಏಷ್ಯಾದ ಫುಟ್‌ಬಾಲ್ ಒಕ್ಕೂಟವಾದ ಎಎಫ್‌ಸಿಯ ಸಿ ಕೋಚಿಂಗ್ ಲೈಸೆನ್ಸ್ ಆದರೂ ಇದೆಯೇ? ಕೇಂದ್ರಕ್ಕೆ ಫೆಡರೇಷನ್‌ನ ಅಕಾಡೆಮಿ ಮಾನ್ಯತೆ ಇದೆಯೇ? ಮಕ್ಕಳನ್ನು ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಲ್ಲಿ, ಅಂದರೆ ಸಿಆರ್‌ಎಸ್‌ನಲ್ಲಿ ನೋಂದಾಯಿಸುತ್ತಾರೆಯೇ? ಕಳೆದ ವರ್ಷ ನನ್ನ ಮಗುವಿನ ವಯಸ್ಸಿನವರು ಎಷ್ಟು ಅಧಿಕೃತ ಪಂದ್ಯ ಆಡಿದರು? ಕೊನೆಯ ಪ್ರಶ್ನೆಗೆ ತಡವರಿಸುವ ಕಡೆ ಮಗುವನ್ನು ಸೇರಿಸಬೇಡಿ. ದೂರದ ಲೆಕ್ಕವನ್ನೂ ಹಾಕಿ. ವೈಟ್‌ಫೀಲ್ಡ್‌ನಿಂದ ಯಲಹಂಕಕ್ಕೆ ದಿನವೂ ಹೋಗಿ ಬರುವ ಮಗು ಆಡುವುದಕ್ಕಿಂತ ಹೆಚ್ಚು ಹೊತ್ತನ್ನು ವಾಹನದಲ್ಲಿ ಕಳೆಯುತ್ತದೆ, ನಿದ್ದೆ ಕಡಿಮೆಯಾಗುತ್ತದೆ, ಪುಸ್ತಕ ಮುಟ್ಟುವುದಕ್ಕಾಗುವುದಿಲ್ಲ. ಹದಿನಾಲ್ಕರವರೆಗೆ ಮನೆಗೆ ಹತ್ತಿರವಿರುವ ಒಳ್ಳೆಯ ಕೋಚ್ ದೂರದ ಹೆಸರಾಂತ ಕೇಂದ್ರಕ್ಕಿಂತ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಂತ 4: ಲೆಕ್ಕಕ್ಕೆ ಬರುವ ಪಂದ್ಯಗಳನ್ನು ಆಡಿಸುವುದು

ಭಾನುವಾರದ ಬಹುಮಾನದ ಟೂರ್ನಿಗಳು ಸಂತೋಷ ಕೊಡುತ್ತವೆ, ಆದರೆ ಆಯ್ಕೆಗಾರರ ಕಣ್ಣು ಬೀಳುವ ಜಾಗಗಳು ಬೇರೆ. ಒಂದು ದಾರಿ ಶಾಲೆಯದು. ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರಿ ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಮುಟ್ಟುತ್ತವೆ. 1960ರಿಂದ ನಡೆಯುತ್ತಿರುವ ಸುಬ್ರತೋ ಕಪ್‌ಗೂ ಶಾಲಾ ತಂಡವಾಗಿಯೇ ಹೋಗಬೇಕು. ಈ ಸುತ್ತುಗಳ ದಿನಾಂಕ ಮೊದಲು ತಲುಪುವುದು ಪಿ.ಟಿ. ಮೇಷ್ಟ್ರಿಗೆ, ಆದ್ದರಿಂದ ವರ್ಷದ ಆರಂಭದಲ್ಲಿಯೇ ಅವರನ್ನು ಕಂಡು ಮಾತನಾಡಿ.

ಎರಡನೆಯ ದಾರಿ ಕ್ಲಬ್‌ನದು. ಫೆಡರೇಷನ್ ಬೇರೆ ಬೇರೆ ವಯೋವರ್ಗಗಳ ಯೂತ್ ಲೀಗ್‌ಗಳನ್ನು ನಡೆಸುತ್ತದೆ. ಅದರ ಮೇಲಿನ ಮೆಟ್ಟಿಲಾಗಿ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಇದ್ದು, 2022ರಲ್ಲಿ ಗೋವಾದಲ್ಲಿ ನಡೆದ ಅದರ ಮೊದಲ ಆವೃತ್ತಿಯನ್ನು ಬೆಂಗಳೂರು ಎಫ್‌ಸಿಯ ಕಿರಿಯರು ಗೆದ್ದಿದ್ದರು. ಈ ಏಣಿ ಮೇಲಿನವರೆಗೂ ತಲುಪುತ್ತದೆ ಎನ್ನುವುದಕ್ಕೆ ಹತ್ತಿರದ ಸಾಕ್ಷಿ, ಅದೇ ಕ್ಲಬ್‌ನ ಯುವ ತಂಡದಿಂದ ಬಂದ ವಿನಿತ್ ವೆಂಕಟೇಶ್ 2024ರ ಸೆಪ್ಟೆಂಬರ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಹೊಡೆದ ಪಂದ್ಯದ ಏಕೈಕ ಗೋಲು.

ಮೂರನೆಯದು ರಾಜ್ಯ ತಂಡ. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕಚೇರಿ ಹೊಂದಿರುವ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ಸಬ್ ಜೂನಿಯರ್ ಮತ್ತು ಜೂನಿಯರ್ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಿಗೆ ತಂಡಗಳನ್ನು ಆರಿಸುತ್ತದೆ; ಜೂನಿಯರ್ ಬಾಲಕರು ಆಡುವುದು ಡಾ. ಬಿ.ಸಿ. ರಾಯ್ ಟ್ರೋಫಿಗಾಗಿ. ರಾಜ್ಯ ತಂಡಗಳ ನಡುವಿನ ಹಿರಿಯರ ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯ 54 ವರ್ಷಗಳ ಬಳಿಕ 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಗೆದ್ದಿದ್ದು, ಆ ಬಳಿಕ ರಾಜ್ಯದ ಜೆರ್ಸಿಯ ಬಗ್ಗೆ ಮಕ್ಕಳಲ್ಲಿ ಆಸೆ ಹೆಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಕಾಶವಿದ್ದರೆ ಮೂರು ದಾರಿಗಳನ್ನೂ ತೆರೆದಿಡಿ, ಆದರೆ ಒಂದೇ ವಾರದಲ್ಲಿ ಮೂರು ತಂಡಗಳಿಗೆ ಮಗುವನ್ನು ಆಡಿಸಬೇಡಿ.

ಹಂತ 5: ಮೈ ಬೆಳೆಯುವ ವರ್ಷಗಳನ್ನು ದಾಟಿಸುವುದು

ನಾವು ಮಕ್ಕಳನ್ನು ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲಿ, ಹಾಗಾಗಿ ಇದನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು.

ಹುಡುಗರು ಸರಾಸರಿ ಹದಿನಾಲ್ಕರ ಸುಮಾರಿಗೆ, ಹುಡುಗಿಯರು ಹನ್ನೆರಡರ ಸುಮಾರಿಗೆ ಅತಿ ವೇಗವಾಗಿ ಎತ್ತರವಾಗುತ್ತಾರೆ, ಆದರೆ ಇದು ಎರಡು ವರ್ಷ ಹಿಂದೆ ಮುಂದೆ ಆಗುವುದು ತೀರಾ ಸಹಜ. ಒಂದೇ ತರಗತಿಯ ಇಬ್ಬರು ಹದಿಮೂರರ ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿದ್ದು ಇನ್ನೊಬ್ಬನ ದನಿಯೂ ಒಡೆಯದಿರಬಹುದು. ಮೊದಲನೆಯವನು ಓಡುವ ವೇಗದಲ್ಲಿ, ಹೊಡೆತದ ಬಲದಲ್ಲಿ ಎಲ್ಲರನ್ನೂ ಹಿಂದಿಕ್ಕುತ್ತಾನೆ. ಆಯ್ಕೆಗಾರ ಅವನನ್ನು ಆರಿಸುತ್ತಾನೆ, ಎರಡನೆಯವನನ್ನು ಬಿಡುತ್ತಾನೆ. ಇದಕ್ಕೆ ಹುಟ್ಟಿದ ತಿಂಗಳೂ ಸೇರಿಕೊಳ್ಳುತ್ತದೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ವಯೋವರ್ಗದಲ್ಲಿ ಆಡುವುದರಿಂದ, ಲೋಕದಾದ್ಯಂತ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತಾರೆ. ಇದು ಪ್ರತಿಭೆಯ ಲೆಕ್ಕವಲ್ಲ, ಕ್ಯಾಲೆಂಡರಿನ ಲೆಕ್ಕ.

ಹಾಗಾದರೆ ಏನು ಮಾಡಬೇಕು? ಒಂದು ನೋಟ್‌ಬುಕ್ ಇಡಿ. ಮೂರು ತಿಂಗಳಿಗೊಮ್ಮೆ ಒಂದೇ ಗೋಡೆಗೆ, ಬೆಳಗಿನ ಹೊತ್ತು, ಬರಿಗಾಲಲ್ಲಿ ನಿಲ್ಲಿಸಿ ಎತ್ತರವನ್ನು ಬರೆದುಕೊಳ್ಳಿ. ಪಕ್ಕದಲ್ಲಿಯೇ ಆ ವಾರ ಆಡಿದ ಪಂದ್ಯದ ನಿಮಿಷಗಳು, ತರಬೇತಿಯ ಗಂಟೆಗಳು, ನೋವು ಕಾಣಿಸಿದ ಜಾಗ ಬರೆಯಿರಿ. ಎತ್ತರದ ಏರಿಕೆ ಒಮ್ಮೆಲೇ ಜೋರಾದ ತಿಂಗಳುಗಳಲ್ಲಿ ಮಗು ಎಡವುತ್ತದೆ, ಹಿಂದೆ ಸಲೀಸಾಗಿ ಹಿಡಿಯುತ್ತಿದ್ದ ಚೆಂಡು ಕಾಲಿಂದ ಜಾರುತ್ತದೆ, ಮಂಡಿಯ ಚಿಪ್ಪಿನ ಕೆಳಗೆ ಇಲ್ಲವೇ ಹಿಮ್ಮಡಿಯಲ್ಲಿ ನೋವು ಬರುತ್ತದೆ. ಬೆಳೆಯುವ ಮೂಳೆಯನ್ನು ಸ್ನಾಯುರಜ್ಜು ಎಳೆಯುವುದರಿಂದ ಬರುವ ಈ ನೋವಿಗೆ ಮದ್ದು, ಓಟ ಮತ್ತು ಜಿಗಿತವನ್ನು ಕೆಲವು ವಾರ ತಗ್ಗಿಸುವುದು. ಮುಲಾಮು ಹಚ್ಚಿ ಮರುದಿನ ಪಂದ್ಯಕ್ಕೆ ಇಳಿಸುವುದಲ್ಲ. ನೋವು ಹೋಗದಿದ್ದರೆ ಕ್ರೀಡಾ ವೈದ್ಯರನ್ನು ಕಾಣಿ. ನೋಟ್‌ಬುಕ್‌ನ ಆ ಪುಟವನ್ನು ಕೋಚ್‌ಗೆ ತೋರಿಸಿದರೆ "ಹುಡುಗ ಸೋಮಾರಿಯಾಗಿದ್ದಾನೆ" ಎಂಬ ಮಾತು ಅಲ್ಲಿಗೆ ನಿಲ್ಲುತ್ತದೆ.

ತಡವಾಗಿ ಬೆಳೆಯುವ ಮಗುವಿನ ಪರವಾಗಿ ಕೋಚ್ ಹತ್ತಿರ ಒಂದೇ ಬೇಡಿಕೆ ಇಡಿ: ಮಧ್ಯದಲ್ಲಿ ಆಡಿಸಿ, ಬೆಂಚಿನ ಮೇಲೆ ಕೂರಿಸಬೇಡಿ. ಚಿಕ್ಕ ಮೈಕಟ್ಟಿನವನು ಬಲದಿಂದ ಗೆಲ್ಲಲಾರದ ಕಾರಣ ಬೇಗ ಯೋಚಿಸುವುದನ್ನು ಕಲಿಯುತ್ತಾನೆ, ಆ ಕಲಿಕೆ ಮೈ ಬೆಳೆದ ಮೇಲೂ ಉಳಿಯುತ್ತದೆ. ಬೇಗ ಬೆಳೆದವನನ್ನು ಆಗಾಗ ಮೇಲಿನ ವಯಸ್ಸಿನವರ ಜೊತೆ ಆಡಿಸಬೇಕು, ಇಲ್ಲವಾದರೆ ಅವನು ಬಲವೊಂದನ್ನೇ ನೆಚ್ಚಿಕೊಳ್ಳುತ್ತಾನೆ.

ತರಬೇತಿಗೆ ಮೊದಲು ಫಿಫಾದ 11+ ಎಂಬ ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಮಾಡಿಸುವಂತೆ ಒತ್ತಾಯಿಸಿ. ಹದಿನೈದು ಸರಳ ವ್ಯಾಯಾಮಗಳಿರುವ ಇದಕ್ಕೆ ಚೆಂಡು ಬಿಟ್ಟು ಬೇರೇನೂ ಬೇಡ. ನಾರ್ವೆಯ 13ರಿಂದ 17 ವರ್ಷದ ಹುಡುಗಿಯರ ತಂಡಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಮಾಡಿದವರಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗದಷ್ಟು, ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧದಷ್ಟು ಕಡಿಮೆಯಾಗಿದ್ದವು. ಆಹಾರಕ್ಕೆ ಪರದೇಶದ ಪುಡಿ ಡಬ್ಬಿಗಳು ಬೇಕಿಲ್ಲ. ಬೆಳಗಿನ ಅಭ್ಯಾಸಕ್ಕೆ ಮುಂಚೆ ಬಾಳೆಹಣ್ಣು, ಮುಗಿದ ಕೂಡಲೇ ಬೇಯಿಸಿದ ಮೊಟ್ಟೆ ಅಥವಾ ಕಡಲೆಕಾಯಿ ಚಿಕ್ಕಿ, ಮಧ್ಯಾಹ್ನ ರಾಗಿ ಮುದ್ದೆ ಅಥವಾ ಅನ್ನದ ಜೊತೆ ಗಟ್ಟಿ ಬೇಳೆಯ ಸಾರು, ಕಾಳು, ಮೊಸರು, ರಾತ್ರಿ ಒಂಬತ್ತು ತಾಸುಗಳ ನಿದ್ದೆ, ಇಷ್ಟು ಸಾಕು.

ಹಂತ 6: ಸೆಲೆಕ್ಷನ್ ಟ್ರಯಲ್ಸ್‌ನ ದಿನ

ಹಿಂದಿನ ದಿನವೇ ಮೂಲ ದಾಖಲೆ, ಎರಡೆರಡು ನಕಲು, ಭಾವಚಿತ್ರ, ಸಿಆರ್‌ಎಸ್ ಸಂಖ್ಯೆಯನ್ನು ಒಂದು ಫೈಲಿನಲ್ಲಿ ಇಡಿ. ಹೊಸ ಬೂಟು ಹಾಕಿಸಬೇಡಿ. ನೂರಾರು ಮಕ್ಕಳ ನಡುವೆ ಇಪ್ಪತ್ತು ನಿಮಿಷದ ಪಂದ್ಯದಲ್ಲಿ ಐದಾರು ಜನರನ್ನು ದಾಟಿ ಓಡಲು ಹೋಗಿ ಚೆಂಡು ಕಳೆದುಕೊಳ್ಳುವುದು ಸಾಮಾನ್ಯ. ಮಗುವಿಗೆ ಮೂರೇ ಮಾತು ಹೇಳಿ ಕಳಿಸಿ: ಚೆಂಡು ಬರುವ ಮುನ್ನ ಸುತ್ತ ನೋಡು, ಚೆಂಡು ಕಳೆದುಕೊಂಡ ಕ್ಷಣವೇ ಬೆನ್ನಟ್ಟು, ಜೊತೆಯವರನ್ನು ಕೂಗಿ ಕರೆ. ಅನಂತರ ನೀವು ಮೈದಾನದ ಗೆರೆಯಿಂದ ದೂರ ಹೋಗಿ ಕುಳಿತುಕೊಳ್ಳಿ. ಆಯ್ಕೆಗೆ ಹಣ ಕೇಳಿದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಭುವನೇಶ್ವರದಲ್ಲಿ 2023ರಲ್ಲಿ ಆರಂಭವಾದ ಎಐಎಫ್‌ಎಫ್-ಫಿಫಾ ಪ್ರತಿಭಾ ಅಕಾಡೆಮಿಯಂಥ ಕಡೆಗೆ ಮಗು ಹೋಗಬೇಕಾದುದು ಆಟದಿಂದ, ಮಧ್ಯವರ್ತಿಯಿಂದಲ್ಲ.

ಹಂತ 7: ಹುಡುಗಿಯರಿಗೂ ಅದೇ ದಾರಿ, ಇನ್ನೂ ಹತ್ತಿರದ್ದು

ಹೆಣ್ಣುಮಕ್ಕಳ ಪೋಷಕರು ಇದನ್ನು ಎರಡು ಸಲ ಓದಿ. 2025ರ ಆಗಸ್ಟ್‌ನಲ್ಲಿ ಭಾರತದ 20 ವರ್ಷದೊಳಗಿನ ಹುಡುಗಿಯರು ಮ್ಯಾನ್ಮಾರ್ ತಂಡವನ್ನು 1–0ರಿಂದ ಸೋಲಿಸಿ ಎರಡು ದಶಕಗಳ ನಂತರ ಏಷ್ಯನ್ ಕಪ್‌ಗೆ ಅರ್ಹತೆ ಗಳಿಸಿದರು. ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರು ಉಜ್ಬೇಕಿಸ್ತಾನವನ್ನು 2–1ರಿಂದ ಮಣಿಸಿ ಅದೇ ಸಾಧನೆ ಮಾಡಿದರು. ಆಡುವ ಹುಡುಗಿಯರ ಸಂಖ್ಯೆ ಇನ್ನೂ ಕಡಿಮೆಯಿರುವುದರಿಂದ, ಬಿಡದೆ ಆಡಿದವಳಿಗೆ ಅವಕಾಶ ಬೇಗ ಸಿಗುತ್ತದೆ. ಹನ್ನೆರಡರವರೆಗೆ ಹುಡುಗರ ಜೊತೆಯಲ್ಲೇ ಆಡಿಸಿ. ಬೆಳೆಯುವ ವಯಸ್ಸಿನಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗಿಯರಿಗೆ ಹೆಚ್ಚು, ಆದ್ದರಿಂದ ಮೇಲೆ ಹೇಳಿದ ವಾರ್ಮ್‌ಅಪ್ ಇವರಿಗೆ ಕಡ್ಡಾಯ. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ದಣಿವು ಎಂದು ನಾವು ಬೈಯುವುದು ಎಷ್ಟೋ ಸಲ ಕಬ್ಬಿಣದ ಕೊರತೆಯಾಗಿರುತ್ತದೆ. ಮೈದಾನದಲ್ಲಿ ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಹಂತ 8: ಸಹಿ, ವಿದೇಶ, ಓದು

ಕ್ಲಬ್ ಒಪ್ಪಂದಕ್ಕೆ ಸಹಿ ಕೇಳಿದರೆ, 18 ತುಂಬದವರೊಂದಿಗೆ ಮೂರು ವರ್ಷಕ್ಕಿಂತ ದೀರ್ಘ ಒಪ್ಪಂದವನ್ನು ಫಿಫಾ ಒಪ್ಪುವುದಿಲ್ಲ ಎಂಬುದು ತಿಳಿದಿರಲಿ. 18ರೊಳಗಿನವರ ಅಂತರರಾಷ್ಟ್ರೀಯ ವರ್ಗಾವಣೆಗೂ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಅವಕಾಶವಿಲ್ಲ. ಆದ್ದರಿಂದ ಹದಿನೈದರ ಹುಡುಗನಿಗೆ ಯುರೋಪಿನ ಕ್ಲಬ್ ಸೇರಿಸುತ್ತೇನೆಂದು ಲಕ್ಷಗಳಲ್ಲಿ ಹಣ ಕೇಳುವವರು ಮಾರುತ್ತಿರುವುದು ಶಿಬಿರವನ್ನೋ ಪ್ರವಾಸವನ್ನೋ ಹೊರತು ಕ್ಲಬ್‌ನ ಜಾಗವನ್ನಲ್ಲ. 12ನೇ ವಯಸ್ಸಿನಿಂದ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಮುಂದೆ ಆಟಗಾರನನ್ನು ಪಡೆಯುವ ಕ್ಲಬ್‌ನಿಂದ ತರಬೇತಿ ಪರಿಹಾರದ ಹಣ ಸಿಗುವ ನಿಯಮವಿರುವುದರಿಂದ, ಮಗು ಎಲ್ಲೆಲ್ಲಿ ನೋಂದಣಿಯಾಗಿತ್ತೆಂಬ ದಾಖಲೆಯನ್ನು ಜೋಪಾನ ಮಾಡಿ. ಸಣ್ಣ ಕೇಂದ್ರಗಳ ಪಾಲಿಗೆ ಅದು ಅನ್ನದ ಪ್ರಶ್ನೆ.

ಒಂದು ಕಾಲದಲ್ಲಿ ಎಚ್‌ಎಎಲ್, ಐಟಿಐನಂಥ ಸರ್ಕಾರಿ ಕಾರ್ಖಾನೆಗಳ ತಂಡಗಳಿಗೆ ಆಡಿದವರಿಗೆ ಆಟದ ಜೊತೆ ನೌಕರಿಯೂ ಇರುತ್ತಿತ್ತು. ಆ ಆಸರೆ ಈಗ ಬಹಳ ಕಿರಿದಾಗಿದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಬಿಡಿಸಿ ಆಡಿಸುವ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪಬೇಡಿ.

ಹಂತ 9: ಪಟ್ಟಿಯಲ್ಲಿ ಹೆಸರಿಲ್ಲದ ವಾರ

ಇದು ಹೆಚ್ಚಿನ ಮನೆಗಳಿಗೆ ಬಂದೇ ಬರುವ ವಾರ. 2018ರಲ್ಲಿ ಭಾರತದ 16 ವರ್ಷದೊಳಗಿನವರ ತಂಡ ಏಷ್ಯನ್ ಚಾಂಪಿಯನ್‌ಷಿಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾಗೆ 0–1ರಿಂದ ಸೋತು, ಒಂದೇ ಒಂದು ಪಂದ್ಯದ ಅಂತರದಲ್ಲಿ ವಿಶ್ವಕಪ್ ತಪ್ಪಿಸಿಕೊಂಡಿತು. ಆ ತಂಡದ ಕೋಚ್ ಆಗಿದ್ದ ಬಿಬಿಯಾನೊ ಫರ್ನಾಂಡಿಸ್ ಅವರೇ 2025ರ ನವೆಂಬರ್ 30ರಂದು ಅಹಮದಾಬಾದಿನಲ್ಲಿ ಇರಾನ್ ವಿರುದ್ಧ 2–1ರಿಂದ ಗೆದ್ದು 17 ವರ್ಷದೊಳಗಿನವರ ಏಷ್ಯನ್ ಕಪ್‌ಗೆ ಅರ್ಹತೆ ಗಳಿಸಿದ ತಂಡವನ್ನೂ ಕಟ್ಟಿದವರು.

ಮೊದಲ ಎರಡು ದಿನ ಆಟದ ಮಾತೆತ್ತಬೇಡಿ. ಮೂರನೆಯ ದಿನ ಆಯ್ಕೆಗಾರರನ್ನೋ ಕೋಚ್ ಅವರನ್ನೋ ಗೌರವದಿಂದ ಕಂಡು, ಮಗು ಸುಧಾರಿಸಬೇಕಾದ ಎರಡು ವಿಷಯಗಳನ್ನು ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. "ಯಾಕೆ ತೆಗೆದುಕೊಳ್ಳಲಿಲ್ಲ" ಎಂದು ಜಗಳಕ್ಕೆ ನಿಂತರೆ ಆ ಎರಡು ವಿಷಯಗಳೂ ಸಿಗುವುದಿಲ್ಲ. ಮುಂದಿನ ಮೂರು ತಿಂಗಳ ಅಭ್ಯಾಸವನ್ನು ಅವುಗಳ ಮೇಲೆಯೇ ಕಟ್ಟಿ. ಸೋಮವಾರ ಬೆಳಿಗ್ಗೆ ಐದೂವರೆಗೆ ಎಂದಿನಂತೆ ಎಬ್ಬಿಸಿ, ಬೂಟಿನ ದಾರವನ್ನು ತಾನೇ ಕಟ್ಟಿಕೊಳ್ಳಲಿ, ಮೈದಾನದ ಗೇಟಿನವರೆಗೆ ಜೊತೆಯಲ್ಲಿ ನಡೆದು ಹೋಗಿ ಬಿಟ್ಟು ಬನ್ನಿ.